ಸಫಾಯಿ ಕರ್ಮಚಾರಿ ಆಂದೋಲನ

ಮಲ ಹೊರುವ ಅಮಾನವೀಯ ಪದ್ಧತಿಯ ವಿರುದ್ಧ ಹೋರಾಡುತ್ತಿರುವ ಅಖಿಲ ಭಾರತ ಸಂಘಟನೆ. ಜನಸಂಘಟನೆಗಳು ಕಾನೂನನ್ನು ರೂಪಿಸಬಲ್ಲವು ಎಂಬುದಕ್ಕೆ ಬಲವಾದ ನಿದರ್ಶನ. ಸ್ಥಾಪಕರಲ್ಲೊಬ್ಬರಾದ ಬೆಜವಾಡ ವಿಲ್ಸನ್ ಕೋಲಾರ ಚಿನ್ನದ ಗಣಿ ಪ್ರದೇಶದವರು. ಅವರ ಕುಟುಂಬವೂ ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದಿತ್ತು.

1993ರ ಕಾಯ್ದೆ ಮಲ ಹೊರಿಸುವುದನ್ನೂ ಒಣ ಶೌಚಾಲಯ ಕಟ್ಟುವುದನ್ನೂ ನಿಷೇಧಿಸಿತ್ತು. ಅದು ಕಾಗದದಲ್ಲೇ ಉಳಿಯಿತು. ಹಲವು ರಾಜ್ಯಗಳು ತಮ್ಮಲ್ಲಿ ಇಂಥ ಪದ್ಧತಿಯೇ ಇಲ್ಲವೆಂದು ಸಾಧಿಸಿದವು. ಆ ನಿರಾಕರಣೆಯನ್ನು ಮುರಿದದ್ದೇ ಆಂದೋಲನದ ದೊಡ್ಡ ಸಾಧನೆ. ಕಾರ್ಯಕರ್ತರು ಊರೂರು ಸುತ್ತಿ ಒಣ ಶೌಚಾಲಯಗಳನ್ನೂ ಅಲ್ಲಿ ದುಡಿಯುವವರನ್ನೂ, ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು, ಛಾಯಾಚಿತ್ರ ಸಮೇತ ದಾಖಲಿಸಿದರು. ಈ ಪುರಾವೆಗಳೇ 2003ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಬಲ ತುಂಬಿದವು.

ವಿಚಾರಣೆ ನಡೆಯುತ್ತಿರುವಾಗಲೇ, 2013ರಲ್ಲಿ, ಸಂಸತ್ತು ಹೊಸ ಕಾಯ್ದೆ ತಂದಿತು. ಪುನರ್ವಸತಿ ಅದರ ಭಾಗವಾಯಿತು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಮಲಗುಂಡಿಗಳಿಗೆ ಜನರನ್ನು ಇಳಿಸುವುದು ಅಪರಾಧವಾಯಿತು. 2014ರ ಮಾರ್ಚ್ 27ರ ತೀರ್ಪು, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಬೇರೊಂದು ಪ್ರಕರಣದಲ್ಲಿ ಕೋರ್ಟು ಈ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿದೆ. ಮ್ಯಾನ್‌ಹೋಲ್ ಸಾವುಗಳು ಮಾತ್ರ ಇನ್ನೂ ನಿಂತಿಲ್ಲ.