ದೇವರಿಗೆ ಕೈಮುಗಿದು, ಶಾಸ್ತ್ರಿಯನ್ನು ಕಂಡು ನಕ್ಕವರು

ಕಾಡಿನ ಬೇಡನೊಬ್ಬ ಶಿವಲಿಂಗದ ಕಣ್ಣಿನಿಂದ ರಕ್ತ ಸುರಿಯುವುದನ್ನು ನೋಡುತ್ತಾನೆ. ಅದು ಕಲ್ಲು, ಕಲ್ಲಿಗೆ ನೋವಾಗದು ಎಂಬ ಯೋಚನೆ ಅವನಿಗೆ ಬರುವುದೇ ಇಲ್ಲ. ತನ್ನ ಕಣ್ಣನ್ನೇ ಕಿತ್ತು ಅಲ್ಲಿ ಇಡುತ್ತಾನೆ. ಲಿಂಗದ ಇನ್ನೊಂದು ಕಣ್ಣೂ ಒಸರತೊಡಗಿದಾಗ ಅವನಿಗೆ ಒಂದೇ ಚಿಂತೆ: ಎರಡನೆಯ ಕಣ್ಣನ್ನೂ ಕಿತ್ತ ಮೇಲೆ ಅದನ್ನು ಇಡುವ ಜಾಗ ಕಾಣಿಸಬೇಕಲ್ಲ! ಗುರುತಿಗೆಂದು ತನ್ನ ಕಾಲನ್ನೇ ಎತ್ತಿ ದೇವರ ಮುಖದ ಮೇಲೆ ಊರುತ್ತಾನೆ.

ಕಣ್ಣಪ್ಪನ ಈ ಕಥೆ ತಮಿಳಿನ ಪೆರಿಯ ಪುರಾಣದಲ್ಲಿದೆ. ಕನ್ನಡದಲ್ಲಿ ಹರಿಹರನ ರಗಳೆಯಲ್ಲಿದೆ. ಆದರೆ ಕನ್ನಡಿಗರಲ್ಲಿ ಬಹುಪಾಲು ಜನರ ಮನಸ್ಸಿನಲ್ಲಿ ಅದು ನಿಂತಿರುವುದು 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಆ ಚಿತ್ರದ ಹಿಂದೆ ಇದ್ದುದು ತುಮಕೂರು ಜಿಲ್ಲೆಯ ಗುಬ್ಬಿ ಎಂಬ ಪುಟ್ಟ ಊರಿನ ಹೆಸರು ಹೊತ್ತ ನಾಟಕ ಕಂಪನಿ. ನಾಯಕನಾಗಿ ಅದು ರಾಜಕುಮಾರ್ ಅವರ ಮೊದಲ ಚಿತ್ರ. ತಿಪಟೂರಿನ ನರಸಿಂಹರಾಜು ಅದರ ಹಾಸ್ಯನಟ. ಕೈಲಾಸನಾಥ ಶಾಸ್ತ್ರಿ ಎಂಬ ಅರ್ಚಕನ ಪಾತ್ರ ಜಿ.ವಿ. ಅಯ್ಯರ್ ಅವರದು. ಮೂವರೂ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದವರು.

ಚಿತ್ರದ ಶಾಸ್ತ್ರಿ ಮಡಿ, ಮಂತ್ರ, ನೇಮ ಯಾವುದನ್ನೂ ಬಿಟ್ಟವನಲ್ಲ. ಬಿಟ್ಟಿರುವುದು ಪ್ರಾಮಾಣಿಕತೆಯನ್ನು ಮಾತ್ರ. ಏನೂ ಅರಿಯದ ಬೇಡನ ತಲೆಗೆ ಕಳ್ಳತನದ ಆರೋಪ ಕಟ್ಟಲಾಗುತ್ತದೆ. ಪ್ರೇಕ್ಷಕರು ಶಾಸ್ತ್ರಿಯ ಸೋಗನ್ನು ಕಂಡು ನಕ್ಕರು, ಬೇಡನಿಗಾಗಿ ಅತ್ತರು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ದೇವರನ್ನು ಅಕ್ಷರಶಃ ನಂಬಿದವನು ಯಾರು? ಕಲ್ಲಿಗೆ ನೋವಾಗಿದೆ ಎಂದು ನಿಜವಾಗಿಯೂ ತಿಳಿದವನು ಬೇಡ. ಅರ್ಚಕನಿಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಹಾಗಿದ್ದರೂ ನಗೆಗೆ ಗುರಿಯಾದವನು ಅರ್ಚಕ. ಧರ್ಮವನ್ನು ಹಾಸ್ಯದ ಮೂಲಕ ಪ್ರಶ್ನಿಸುವ ಕೆಲಸ ಹೊಸದೇನಲ್ಲ. ಆದರೆ ನಗೆಯನ್ನು ಯಾರ ಕಡೆಗೆ ತಿರುಗಿಸಬೇಕು ಎಂಬುದರಲ್ಲಿ ಒಂದೊಂದು ಕಾಲದವರು, ಒಂದೊಂದು ದೇಶದವರು ಒಂದೊಂದು ದಾರಿ ಹಿಡಿದಿದ್ದಾರೆ. ಆ ಪೈಕಿ ಗುಬ್ಬಿಯದೂ ಒಂದು ದಾರಿ.

ದೇವರ ಹೆಸರಿನ ಕಂಪನಿ

ಗುಬ್ಬಿ ಮೊದಲಿನಿಂದಲೂ ಪುರಾಣದ ಊರು. ಇಲ್ಲಿನ ಕವಿ ಮಲ್ಲಣಾರ್ಯ 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ಬರೆದ. ಶಿವಭಕ್ತರ ಕಥೆಗಳು ಈ ಭಾಗದ ಜನರಿಗೆ ಓದಿ ತಿಳಿಯಬೇಕಾದ ಸಂಗತಿಗಳಾಗಿರಲಿಲ್ಲ. ಜಾತ್ರೆಯಲ್ಲಿ, ಭಜನೆಯಲ್ಲಿ, ಜಗಲಿಯ ಮೇಲಿನ ಮಾತುಕತೆಯಲ್ಲಿ ಅವು ಬೆರೆತಿದ್ದವು.

1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮತ್ತು ಗೆಳೆಯರು ಸೇರಿ ನಾಟಕ ಮಂಡಳಿ ಕಟ್ಟಿದಾಗ ಅದಕ್ಕೆ ಊರ ದೈವದ ಹೆಸರನ್ನೇ ಇಟ್ಟರು: ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಹಿಂದೂ, ಮುಸ್ಲಿಂ ಗೆಳೆಯರು ಒಟ್ಟಾಗಿ ದೇವರ ಹೆಸರಿನಲ್ಲಿ ಆರಂಭಿಸಿದ ಈ ಸಂಘವೇ ಮುಂದೆ ಜನರ ಬಾಯಲ್ಲಿ ‘ಗುಬ್ಬಿ ಕಂಪನಿ’ಯಾಯಿತು.

1891ರಲ್ಲಿ ಹುಟ್ಟಿದ ವೀರಣ್ಣ ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿ ಸೇರಿದರು. 1917ರಲ್ಲಿ ಅದರ ಮಾಲೀಕರಾದರು. ಗಮನಿಸಬೇಕಾದ ಸಂಗತಿ ಎಂದರೆ, ಕರ್ನಾಟಕದ ಅತ್ಯಂತ ದೊಡ್ಡ ಪೌರಾಣಿಕ ನಾಟಕ ಕಂಪನಿಯ ಒಡೆಯ ರಾಜಪಾರ್ಟಿನವರಾಗಿರಲಿಲ್ಲ, ಹಾಸ್ಯನಟರಾಗಿದ್ದರು. ಮೈಸೂರು ಮಹಾರಾಜರು ಅವರಿಗೆ ಕೊಟ್ಟ ಬಿರುದು ‘ವರ್ಸಟೈಲ್ ಕಮೆಡಿಯನ್’. ‘ಸದಾರಮೆ’ಯ ಕಳ್ಳನ ಪಾತ್ರ ಇಂದಿಗೂ ಅವರ ಹೆಸರಿನೊಂದಿಗೇ ನೆನಪಾಗುತ್ತದೆ.

ಕಂಪನಿ ನಾಟಕಗಳಲ್ಲಿ ಹಾಸ್ಯಕ್ಕೆ ಅದರದೇ ಆದ ಜಾಗವಿತ್ತು. ಮುಂದಿನ ದೃಶ್ಯಕ್ಕಾಗಿ ಒಳಗೆ ಅರಮನೆಯನ್ನೋ ಕೈಲಾಸವನ್ನೋ ಜೋಡಿಸಬೇಕು. ಅಷ್ಟು ಹೊತ್ತು ಪರದೆಯ ಮುಂದೆ ಹಾಸ್ಯಗಾರ ಜನರನ್ನು ಹಿಡಿದಿಡಬೇಕು. ಬಾಯಿಪಾಠದ ಮಾತಿಗಿಂತ ಸಮಯಸ್ಫೂರ್ತಿಯ ಮಾತೇ ಅವನ ಬಂಡವಾಳ. ಪರದೆಯ ಹಿಂದೆ ದೇವಲೋಕ ಸಿದ್ಧವಾಗುತ್ತಿರುವಾಗ ಪರದೆಯ ಮುಂದೆ ಡಾಂಭಿಕನ, ಜಿಪುಣನ, ಕಳ್ಳಭಕ್ತನ ಅಣಕ ನಡೆಯುತ್ತಿತ್ತು. ಒಂದೇ ರಾತ್ರಿ, ಒಂದೇ ಟಿಕೆಟ್ಟಿಗೆ ಭಕ್ತಿಯೂ ಸಿಗುತ್ತಿತ್ತು, ಅದರ ಸೋಗಿನ ಪರಿಹಾಸ್ಯವೂ ಸಿಗುತ್ತಿತ್ತು. ಎರಡೂ ಒಂದಕ್ಕೊಂದು ವಿರುದ್ಧವೆಂದು ಪ್ರೇಕ್ಷಕರಿಗೆ ಅನ್ನಿಸಲಿಲ್ಲ.

ಪವಾಡ ತಯಾರಾಗುತ್ತಿದ್ದ ಜಾಗ

ಗುಬ್ಬಿ ಕಂಪನಿ ಅದ್ಧೂರಿ ರಂಗಸಜ್ಜಿಕೆಗೆ ಹೆಸರಾಗಿತ್ತು. 1930ರ ದಶಕದ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬಂದವು. ವಿದ್ಯುತ್ ದೀಪ, ಬಣ್ಣದ ಬೆಳಕು, ಕಣ್ಣು ಮಿಟುಕಿಸುವುದರೊಳಗೆ ಬದಲಾಗುವ ಪರದೆಗಳು, ‘ಟ್ರಿಕ್ ಸೀನ್’ಗಳು ಜನರನ್ನು ದೂರದೂರದ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವಂತೆ ಮಾಡಿದವು.

ಅಂದರೆ ಪವಾಡ ಹೇಗೆ ನಡೆಯುತ್ತದೆ ಎಂಬುದು ಕಂಪನಿಯ ಪ್ರತಿಯೊಬ್ಬನಿಗೂ ಗೊತ್ತಿತ್ತು. ಹಗ್ಗ ಎಳೆಯುವವನು, ದೀಪ ಹಾಕುವವನು, ಪರದೆ ಇಳಿಸುವವನು ಕೈಕೊಟ್ಟರೆ ದೇವರು ಪ್ರತ್ಯಕ್ಷನಾಗುತ್ತಿರಲಿಲ್ಲ. ಹಾಗಿದ್ದೂ ನಾಟಕ ಆರಂಭವಾಗುವ ಮುನ್ನ ರಂಗಕ್ಕೆ ಪೂಜೆಯಾಗುತ್ತಿತ್ತು, ಮಂಗಳಾರತಿ ಬೆಳಗಲಾಗುತ್ತಿತ್ತು. ಬಣ್ಣ ಹಚ್ಚಿದವನು ತಮ್ಮಂತೆಯೇ ಊಟ, ನಿದ್ದೆಗಳ ಮನುಷ್ಯ ಎಂದು ತಿಳಿದ ಪ್ರೇಕ್ಷಕರೂ ಕೃಷ್ಣ ರಂಗಕ್ಕೆ ಬಂದಾಗ ಕೈಮುಗಿಯುತ್ತಿದ್ದರು. ಅವರು ಮೋಸಹೋದವರೇನಲ್ಲ. ಗೊತ್ತಿದ್ದೂ ನಂಬುವುದು, ನಂಬುತ್ತಲೇ ನಗುವುದು ಅವರಿಗೆ ಸಾಧ್ಯವಿತ್ತು.

ಅಮೆರಿಕದ ಒಂದು ಚಿತ್ರ

ಇದಕ್ಕೆ ತೀರ ಬೇರೆಯಾದ ದಾರಿಯೊಂದನ್ನು 2008ರಲ್ಲಿ ಅಮೆರಿಕದ ಹಾಸ್ಯಗಾರ ಬಿಲ್ ಮಾಹರ್ ಹಿಡಿದರು. ಲ್ಯಾರಿ ಚಾರ್ಲ್ಸ್ ನಿರ್ದೇಶಿಸಿದ ಅವರ ಸಾಕ್ಷ್ಯಚಿತ್ರದ ಹೆಸರು ‘ರಿಲಿಜ್ಯುಲಸ್’. ಧರ್ಮ ಮತ್ತು ಹಾಸ್ಯಾಸ್ಪದ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಮಾಡಿದ ಪದ ಅದು. ಕ್ಯಾಮೆರಾದೊಂದಿಗೆ ಜೆರುಸಲೇಂ, ವ್ಯಾಟಿಕನ್ ಮತ್ತು ಅಮೆರಿಕದ ಹಲವು ಊರುಗಳಿಗೆ ಹೋಗುವ ಮಾಹರ್, ಧರ್ಮಗ್ರಂಥದ ಮಾತನ್ನು ಅಕ್ಷರಶಃ ನಂಬುವವರನ್ನು ಎದುರು ಕೂರಿಸಿಕೊಂಡು ಪ್ರಶ್ನಿಸುತ್ತಾರೆ. ಲಾರಿ ಚಾಲಕರ ಪ್ರಾರ್ಥನಾ ಮಂದಿರದಿಂದ ಹಿಡಿದು, ಮನುಷ್ಯರೂ ಡೈನೋಸಾರ್‌ಗಳೂ ಒಂದೇ ಕಾಲದಲ್ಲಿದ್ದರೆಂದು ತೋರಿಸುವ ಕೆಂಟಕಿಯ ವಸ್ತುಸಂಗ್ರಹಾಲಯದವರೆಗೆ ಅವರ ಪಯಣ.

ಗುಬ್ಬಿಯ ನೆನಪು ತರುವ ಒಂದು ಭಾಗ ಅದರಲ್ಲಿದೆ. ಫ್ಲಾರಿಡಾದ ಓರ್ಲ್ಯಾಂಡೋದಲ್ಲಿ ಬೈಬಲ್ ಕಥೆಗಳನ್ನು ಆಡಿ ತೋರಿಸುವ ಉದ್ಯಾನವೊಂದಿತ್ತು. ಅಲ್ಲಿ ಯೇಸುವಿನ ಪಾತ್ರ ಮಾಡುವ ನಟನನ್ನು ಮಾಹರ್ ವೇಷದಲ್ಲಿದ್ದಂತೆಯೇ ನಿಲ್ಲಿಸಿ ಪ್ರಶ್ನೆ ಹಾಕುತ್ತಾರೆ. ಒಬ್ಬ ದೇವರು ಮೂವರಾಗುವುದು ಹೇಗೆ ಎಂಬ ಮಾತು ಬಂದಾಗ ಆ ನಟ, ನೀರು, ಮಂಜುಗಡ್ಡೆ, ಹಬೆ ಮೂರೂ ಒಂದೇ ಅಲ್ಲವೇ ಎಂಬ ಹೋಲಿಕೆ ಕೊಡುತ್ತಾನೆ. ಆ ಜಾಣ ಉತ್ತರ ಪ್ರಶ್ನೆ ಕೇಳಿದವರನ್ನೂ ಒಂದು ಕ್ಷಣ ಸುಮ್ಮನಾಗಿಸುತ್ತದೆ.

ಗುಬ್ಬಿಯ ಕೃಷ್ಣ ಪಾತ್ರಧಾರಿಯನ್ನು ತಡೆದು ‘ಗೋವರ್ಧನ ಗಿರಿಯನ್ನು ಕಿರುಬೆರಳಲ್ಲಿ ಎತ್ತಿದ್ದು ನಿಜವೇ?’ ಎಂದು ಕೇಳಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ಮಾಹರ್ ಅವರ ನಗೆ ನಂಬುವವನ ಕಡೆಗೆ ತಿರುಗಿದೆ. ಅವರ ಚಿತ್ರದಲ್ಲಿ ಬೇಡರ ಕಣ್ಣಪ್ಪ ಬಂದಿದ್ದರೆ ನಗೆಗೆ ಗುರಿಯಾಗುತ್ತಿದ್ದವನು ಅವನೇ. ಅಕ್ಷರಶಃ ನಂಬಿಕೆ ಶಾಲೆಯ ಪಠ್ಯಕ್ಕೂ ರಾಜಕೀಯಕ್ಕೂ ಇಳಿದ ದೇಶದಲ್ಲಿ ಆ ನಗೆಗೆ ಕಾರಣವೂ ಇತ್ತು. ಆದರೆ ನಕ್ಕು ಹೊರಬಂದವರಲ್ಲಿ ಹೆಚ್ಚಿನವರು ಮೊದಲೇ ಒಪ್ಪಿದ್ದವರು ಎಂಬ ಮಾತು ಇಂಥ ಚಿತ್ರಗಳ ಬಗ್ಗೆ ಸದಾ ಕೇಳಿಬರುತ್ತದೆ. ನಗೆಗೆ ಗುರಿಯಾದವನು ಮನಸ್ಸು ಬದಲಿಸುವುದು ಅಪರೂಪ.

ಕುಂಬಳಕಾಯಿಯ ಸವಾಲು

ಹಾಗೆಂದು ಗುಬ್ಬಿಯ ದಾರಿಯೇ ಪೂರ್ತಿ ಸರಿ ಎಂದೂ ಹೇಳಲಾಗದು. ‘ಬೇಡರ ಕಣ್ಣಪ್ಪ’ ಸುಳ್ಳು ಅರ್ಚಕನನ್ನು ಬಯಲಿಗೆಳೆಯಿತು. ಅಸ್ಪೃಶ್ಯತೆಯನ್ನು ಸಂವಿಧಾನ ನಿಷೇಧಿಸಿ ನಾಲ್ಕೇ ವರ್ಷವಾಗಿದ್ದಾಗ, ಬೇಡನ ಎಂಜಲನ್ನು ದೇವರು ಒಪ್ಪುವ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಕೊನೆಗೆ ಶಿವ ಪ್ರತ್ಯಕ್ಷನಾಗುತ್ತಾನೆ, ಕಣ್ಣು ಮರಳಿ ಬರುತ್ತದೆ. ಕಲ್ಲಿನಿಂದ ರಕ್ತ ಬರುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಆ ನಗೆ ಎಂದೂ ಕೇಳಲಿಲ್ಲ.

ಕರ್ನಾಟಕದಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಈ ಭೌತಶಾಸ್ತ್ರದ ಮೇಷ್ಟ್ರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಒಂದು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು. ಸಮಿತಿಗೆ ಒಪ್ಪಿಗೆ ಸಿಗಲಿಲ್ಲ. ವಿಜ್ಞಾನ ಇಂದ್ರಿಯಗಳ ಎಲ್ಲೆಯೊಳಗಿನದು, ಅಧ್ಯಾತ್ಮ ಅದನ್ನು ಮೀರಿದ್ದು ಎಂಬುದು ಬಾಬಾ ಅವರ ನಿಲುವಾಗಿತ್ತು. ನರಸಿಂಹಯ್ಯನವರ ಮಾತಿನಲ್ಲೂ ನಗೆ ಇತ್ತು: ಶೂನ್ಯದಿಂದ ಉಂಗುರ ಬರುವುದಾದರೆ ಕುಂಬಳಕಾಯಿ ಏಕೆ ಬರಬಾರದು? ಉಂಗುರವನ್ನು ಅಂಗೈಯಲ್ಲಿ ಮುಚ್ಚಿಡಬಹುದು, ಕುಂಬಳಕಾಯಿಯನ್ನು ಮುಚ್ಚಿಡಲಾಗದು. ಯಾರ ಭಕ್ತಿಯನ್ನೂ ಜರೆಯದೆ ಸಾಕ್ಷ್ಯವನ್ನಷ್ಟೇ ಕೇಳುವ ನಗೆ ಅದು.

ಇಂಥ ಸಾಕ್ಷ್ಯದ ಅಗತ್ಯ 1995ರ ಸೆಪ್ಟೆಂಬರ್ 21ರಂದು ದೇಶಕ್ಕೆಲ್ಲ ಗೊತ್ತಾಯಿತು. ಗಣೇಶ ಹಾಲು ಕುಡಿಯುತ್ತಾನೆಂದು ದೇವಸ್ಥಾನಗಳ ಮುಂದೆ ಚೊಂಬು, ಚಮಚ ಹಿಡಿದ ಜನರ ಸಾಲು ಬೆಳೆಯಿತು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದಾಗ ವಿಷಯ ತಿಳಿಯಾಯಿತು. ಮೇಲ್ಮೈ ಸೆಳೆತದಿಂದ ಚಮಚದ ಹಾಲು ವಿಗ್ರಹಕ್ಕೆ ಅಂಟಿಕೊಂಡು, ತೆಳುವಾದ ಪದರವಾಗಿ ಕೆಳಗೆ ಹರಿಯುತ್ತಿತ್ತು.

ಪವಾಡ ಬಯಲು ಕಾರ್ಯಕ್ರಮಗಳು ನಮ್ಮ ಹಳ್ಳಿಗಳಲ್ಲಿ ಜನ ಸೇರುವ ಪ್ರದರ್ಶನಗಳಾಗಿವೆ. ಮಂಗಳೂರಿನ ನರೇಂದ್ರ ನಾಯಕ್, ಹುಲಿಕಲ್ ನಟರಾಜ್ ಮೊದಲಾದವರು ಶಾಲೆಗಳಲ್ಲಿ, ಊರ ಚೌಕಗಳಲ್ಲಿ ಇದನ್ನು ನಡೆಸಿಕೊಂಡು ಬಂದವರು. ತೀರ್ಥ ಚಿಮುಕಿಸಿದೊಡನೆ ತೆಂಗಿನಕಾಯಿ ಹೊತ್ತಿಕೊಳ್ಳುವುದು ನಾರಿನೊಳಗೆ ಅಡಗಿಸಿದ ಸೋಡಿಯಂ ಲೋಹದಿಂದ. ಅದಕ್ಕೆ ನೀರು ತಾಗಿದರೆ ಬೆಂಕಿ. ಅರಿಶಿನದ ನೀರು ರಕ್ತದಂತೆ ಕೆಂಪಾಗುವುದು ಸುಣ್ಣ ಬೆರೆತಾಗ. ಓಕುಳಿ ಕಲಸಿದ ಯಾವ ಗೃಹಿಣಿಗೂ ಅದು ಗೊತ್ತು. ಮೊದಲು ಪವಾಡ, ಆಮೇಲೆ ಗುಟ್ಟು, ನಡುವೆ ನಗು. ಒಂದು ರೀತಿಯಲ್ಲಿ ಇದು ಗುಬ್ಬಿ ಕಂಪನಿಯ ಪರದೆಯನ್ನು ಪೂರ್ತಿ ಮೇಲೆತ್ತಿ, ಹಗ್ಗ ಎಳೆಯುವವನನ್ನೂ ತೋರಿಸಿದ ಹಾಗೆ.

ಕಾನೂನು ಎಳೆದ ಗೆರೆ

ಎಲ್ಲ ಪ್ರಶ್ನೆಗಳೂ ನಗುವಿನಲ್ಲಿ ಮುಗಿಯಲಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ, ಮೂಢನಂಬಿಕೆ ವಿರೋಧಿ ಮಸೂದೆ ಕುರಿತ ಸಭೆಯೊಂದರಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿ ವಿಗ್ರಹಾರಾಧನೆಯ ಬಗ್ಗೆ ಆಡಿದ ಮಾತು ದೊಡ್ಡ ವಿವಾದವಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ನಂಬಿಕೆಯನ್ನು ಪ್ರಶ್ನಿಸುವ ಮಾತಿಗೆ ಎಷ್ಟು ಜಾಗವಿದೆ ಎಂಬುದು ಅಂದಿನಿಂದ ಬರಿಯ ಚರ್ಚೆಯ ವಿಷಯವಾಗಿ ಉಳಿಯಲಿಲ್ಲ.

ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕಾಯ್ದೆಯನ್ನು ಕರ್ನಾಟಕ 2017ರಲ್ಲಿ ಅಂಗೀಕರಿಸಿತು; 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳುವಂಥ ಪದ್ಧತಿಗಳನ್ನು, ಹೆದರಿಸಿ ವಂಚಿಸುವುದನ್ನು ಅದು ಅಪರಾಧವೆನ್ನುತ್ತದೆ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನು ಮುಟ್ಟುವುದಿಲ್ಲ. ನಂಬಿಕೆಯನ್ನು ಬಿಟ್ಟು, ನಂಬಿಕೆಯ ಹೆಸರಿನ ಹಿಂಸೆ, ಮೋಸಗಳನ್ನು ಮಾತ್ರ ಹಿಡಿಯುವ ಈ ಗೆರೆ, ಗುಬ್ಬಿಯ ಹಾಸ್ಯಗಾರರು ಶಾಸ್ತ್ರಿಗೂ ಬೇಡನಿಗೂ ನಡುವೆ ಎಳೆದಿದ್ದ ಗೆರೆಯೇ ಎಂದರೆ ತಪ್ಪಾಗಲಾರದು. ಅದನ್ನು ಎಲ್ಲಿ ಎಳೆಯಬೇಕೆಂಬ ವಾದ ಮುಗಿದಿಲ್ಲ. ಎಳೆಯಲೇಬೇಕೆಂಬುದನ್ನು ಮಾತ್ರ ಕಾನೂನು ಒಪ್ಪಿದೆ.

ಗುಬ್ಬಿ ವೀರಣ್ಣ 1972ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರಂಗಭೂಮಿಯ ಪ್ರಶಸ್ತಿ ಕೊಡುತ್ತದೆ. ತೆರೆಯ ಮೇಲೆ ಕಪಟ ಶಾಸ್ತ್ರಿಯಾಗಿ ನಗಿಸಿದ ಜಿ.ವಿ. ಅಯ್ಯರ್, 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ವನ್ನು ನಿರ್ದೇಶಿಸಿದರು. ಅರ್ಚಕನ ಸೋಗನ್ನು ಅಷ್ಟು ಚೆನ್ನಾಗಿ ಬಲ್ಲವರೇ ಆಚಾರ್ಯರ ಹುಡುಕಾಟವನ್ನೂ ಗಂಭೀರವಾಗಿ ತೆಗೆದುಕೊಂಡರು. ಗುಬ್ಬಿಯ ರಂಗದ ಮೇಲೆ ಬೆಳೆದವರಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಾರದು. ಅಲ್ಲಿ ಪರದೆಯ ಹಿಂದೆ ದೇವರಿದ್ದ, ಮುಂದೆ ಹಾಸ್ಯಗಾರನಿದ್ದ. ನಾಟಕ ನಡೆಯಲು ಇಬ್ಬರೂ ಬೇಕಾಗಿತ್ತು.