ರಿಕರ್ಸಿವ್ ಮೇಕ್‌ನಲ್ಲಿ ಸಾಪೇಕ್ಷ ಪಾಥ್

ತಂತ್ರಾಂಶ ಕಟ್ಟುವಾಗ ಪ್ರತಿ ಉಪಡೈರೆಕ್ಟರಿಯ ಕೆಲಸವನ್ನು ಪ್ರತ್ಯೇಕ ಮೇಕ್ ಪ್ರಕ್ರಿಯೆಗೆ ಒಪ್ಪಿಸುವ ಕ್ರಮಕ್ಕೆ ರಿಕರ್ಸಿವ್ ಮೇಕ್ ಎಂದು ಹೆಸರು. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದರು. ಇಲ್ಲಿನ ವಿವರಗಳು ಮುಖ್ಯವಾಗಿ ಗ್ನೂ ಮೇಕ್‌ಗೆ ಅನ್ವಯಿಸುತ್ತವೆ.

ಪಾಥ್‌ನ ಅರ್ಥ

ಸಾಪೇಕ್ಷ ಪಾಥ್‌ಗೆ ಸ್ವಂತ ನೆಲೆಯಿಲ್ಲ. ಅದನ್ನು ಓದುವ ಪ್ರಕ್ರಿಯೆ ಆ ಕ್ಷಣ ಯಾವ ಡೈರೆಕ್ಟರಿಯಲ್ಲಿದೆಯೋ ಅಲ್ಲಿಂದಲೇ ಎಣಿಕೆ. ಮೇಲಿನ ಮೇಕ್‌ಫೈಲ್ ಒಂದು ಹೆಡರ್ ಪಾಥ್ ಅನ್ನು ಚರದಲ್ಲಿಟ್ಟು ಕೆಳಗೆ ರವಾನಿಸಿದರೆ, ಒಂದು ಹಂತ ಇಳಿದ ಕೂಡಲೇ ಅದು ಬೇರೆ ಜಾಗವನ್ನು ತೋರಿಸುತ್ತದೆ. ಇನ್‌ಕ್ಲೂಡ್ ಮಾಡಿದ ಮೇಕ್‌ಫೈಲ್‌ನ ಕಥೆಯೂ ಇಷ್ಟೇ: ಅದರೊಳಗಿನ ಪಾಥ್‌ಗಳು ಆ ಫೈಲ್ ಇರುವಲ್ಲಿಂದಲ್ಲ, ಮೇಕ್ ನಡೆಯುತ್ತಿರುವಲ್ಲಿಂದ ಲೆಕ್ಕವಾಗುತ್ತವೆ. ಉದ್ಧರಣ ಚಿಹ್ನೆಯೊಳಗಿನ ಹೆಡರನ್ನು ಸಿ ಕಂಪೈಲರ್ ಮೊದಲು ಕರೆದ ಫೈಲಿನ ಪಕ್ಕದಲ್ಲೇ ಹುಡುಕುತ್ತದೆ. ಆ ಅಭ್ಯಾಸವಿದ್ದವರು ಇಲ್ಲಿ ಎಡವುವುದು ಸಹಜ. ಸಾಮಾನ್ಯವಾಗಿ ರೆಸಿಪಿಯ ಪ್ರತಿ ಸಾಲಿಗೂ ಹೊಸ ಶೆಲ್ ಹುಟ್ಟುವುದರಿಂದ, ಒಂದು ಸಾಲಿನಲ್ಲಿ ಮಾಡಿದ 'ಸಿಡಿ' ಮುಂದಿನ ಸಾಲಿಗೆ ಉಳಿಯದು.

'ಪಿಡಬ್ಲ್ಯುಡಿ' ಚರವನ್ನು ನಂಬುವಂತಿಲ್ಲ. ಅದು ಶೆಲ್‌ನಿಂದ ಬಂದ ಬಳುವಳಿ. 'ಸಿ' ಆಯ್ಕೆಯಿಂದ ಮೇಕ್ ಡೈರೆಕ್ಟರಿ ಬದಲಿಸಿದರೂ ಹಳೆಯ ಬೆಲೆಯೇ ಉಳಿಯಬಹುದು. ಮೇಕ್ ತಾನೇ ತುಂಬುವ 'ಕರ್‌ಡಿರ್' ಚರಕ್ಕೆ ಆ ದೋಷವಿಲ್ಲ.

ಪರಿಹಾರಗಳು

ಆಟೋಮೇಕ್ ಪ್ರತಿ ಡೈರೆಕ್ಟರಿಗೂ ಮೂಲ ಸೋರ್ಸ್ ಮತ್ತು ಮೂಲ ಬಿಲ್ಡ್ ಡೈರೆಕ್ಟರಿಗಳ ದಾರಿಯನ್ನು ಬೇರೆ ಬೇರೆಯಾಗಿ ಗೊತ್ತುಮಾಡಿಕೊಡುತ್ತದೆ. ಪೀಟರ್ ಮಿಲ್ಲರ್ 1990ರ ದಶಕದ ಕೊನೆಯಲ್ಲಿ ಬರೆದ ಪ್ರಬಂಧ ರಿಕರ್ಸಿವ್ ಮೇಕ್ ಹಾನಿಕರವೆಂದೇ ವಾದಿಸಿತು. ಅದರ ಮುಖ್ಯ ಆಕ್ಷೇಪ ಪಾಥ್‌ಗಳದ್ದಲ್ಲ, ಯಾವ ಮೇಕ್‌ಗೂ ಅವಲಂಬನೆಗಳ ಪೂರ್ಣ ನಕ್ಷೆ ಸಿಗುವುದಿಲ್ಲ ಎಂಬುದು. ಆದರೂ ಅದು ಸೂಚಿಸಿದ ಒಂದೇ ಮೇಕ್‌ನ ವ್ಯವಸ್ಥೆಯಲ್ಲಿ ಪಾಥ್‌ಗಳೆಲ್ಲ ಮೂಲದಿಂದ ಶುರುವಾಗುತ್ತವೆ, ತೊಡಕೂ ಬಹುಮಟ್ಟಿಗೆ ಕರಗುತ್ತದೆ.

ಲಿನಕ್ಸ್ ಕರ್ನಲ್‌ನ ಕೆಬಿಲ್ಡ್ ಹೆಚ್ಚು ಕುತೂಹಲಕರ. ಅಲ್ಲಿ ಮೇಕ್ ಮತ್ತೆ ಮತ್ತೆ ತನ್ನನ್ನೇ ಕರೆಯುತ್ತದೆ, ಆದರೆ ಕರ್ನಲ್‌ನ ಸ್ವಂತ ಡೈರೆಕ್ಟರಿಗಳಿಗೆ ಇಳಿಯುವುದಿಲ್ಲ. ಆಬ್ಜೆಕ್ಟ್ ವೃಕ್ಷದ ತುದಿಯಲ್ಲೇ ನಿಂತು, ಕಟ್ಟಬೇಕಾದ ಡೈರೆಕ್ಟರಿಯ ಹೆಸರನ್ನು 'ಒಬಿಜೆ' ಚರದಲ್ಲಿ ಕೊಡುತ್ತದೆ. ಹೀಗಾಗಿ ಅಲ್ಲಿ ಕೈಯಾರೆ ನಿಯಮ ಬರೆಯುವವರು ಫೈಲ್ ಹೆಸರಿನ ಹಿಂದೆ 'ಒಬಿಜೆ' ಅಥವಾ 'ಎಸ್‌ಆರ್‌ಸಿ' ಸೇರಿಸಲೇಬೇಕು.

ದೋಷ ಸಂದೇಶಗಳು

ಉಪಡೈರೆಕ್ಟರಿಗೆ ಇಳಿದು ಕಂಪೈಲ್ ಮಾಡಿದಾಗ ಎಚ್ಚರಿಕೆಗಳಲ್ಲಿ ಬರಿಯ ಫೈಲ್ ಹೆಸರು ಬರುತ್ತದೆ. ಆದ್ದರಿಂದ ಗ್ನೂ ಮೇಕ್ ಒಳಹೊಕ್ಕಾಗಲೂ ಹೊರಬಂದಾಗಲೂ ಡೈರೆಕ್ಟರಿಯನ್ನು ಘೋಷಿಸುತ್ತದೆ. ಇಮ್ಯಾಕ್ಸ್ ಆ ಸಾಲುಗಳನ್ನು ಓದಿಯೇ ಫೈಲ್ ಪತ್ತೆಮಾಡುತ್ತದೆ. ಸಮಾಂತರ ನಿರ್ಮಾಣದಲ್ಲಿ ಈ ಘೋಷಣೆಗಳು ಕಲಸಿಹೋಗುತ್ತಿದ್ದವು. 2013ರ 4.0 ಆವೃತ್ತಿ ತಂದ ಔಟ್‌ಪುಟ್ ಸಿಂಕ್ ಆಯ್ಕೆ ಬಳಸಿದರೆ ಪ್ರತಿ ಗುರಿಯ ಸಂದೇಶಗಳು ಒಟ್ಟಾಗಿ ಹೊರಬರುತ್ತವೆ.