ಹೈದರಾಬಾದಿನ ಹೇರು, ಕುಸಿದ ಬ್ಲೇಡು

ಹೇರು ತುಂಬಿದ ಪಿಕಪ್ಪಿನ ಮುಂಭಾಗ ತಗ್ಗಿತೆಂದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರ, ಸ್ಪ್ರಿಂಗಿನ ಕಟ್ಟಿಗೆ ಇನ್ನೊಂದು ಬ್ಲೇಡು ಸೇರಿಸುವುದು. ಆದರೆ ಬ್ಲೇಡು ಏಕೆ ಕಸುವು ಕಳೆದುಕೊಂಡಿತು ಎಂಬ ಪ್ರಶ್ನೆಗೆ ಉಕ್ಕಿಗಿಂತ ಸಾಗಣೆಯ ಚರಿತ್ರೆಯೇ ಹೆಚ್ಚು ಉತ್ತರ ಕೊಡುತ್ತದೆ. ಎಷ್ಟು ಹೇರಬೇಕೆಂದು ಹೇಳುವವನೂ ರಿಪೇರಿಯ ಖರ್ಚು ಹೊರುವವನೂ ಬೇರೆಬೇರೆಯಾದ ಮೇಲೆಯೇ ಈ ಕುಸಿತ ಸಣ್ಣ ಸರಕು ಗಾಡಿಗಳ ಕಾಯಂ ಕಾಯಿಲೆಯಾಯಿತು ಎಂಬುದು ನನ್ನ ವಾದ. ಅದನ್ನು ಪರೀಕ್ಷಿಸಲು ಹೈದರಾಬಾದು ತಕ್ಕ ಊರು.

1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸುಗಳು ಮತ್ತು 166 ನೌಕರರೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಬೀದರ, ಗುಲ್ಬರ್ಗ, ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಆ ಬಸ್ಸುಗಳಲ್ಲೂ ನೂಕುನುಗ್ಗಲು ಇರಲಿಲ್ಲವೇ ಎಂದು ಕೇಳಬಹುದು. ಇದ್ದಿರಬಹುದು; ಆದರೆ ಟಿಕೆಟ್ಟಿನ ಹಣ ಎಣಿಸಿದ ಸಂಸ್ಥೆಯೇ ಮುರಿದ ಬ್ಲೇಡಿನ ಬೆಲೆಯನ್ನೂ ತೆರಬೇಕಿತ್ತು. 1980ರ ದಶಕದಲ್ಲಿ ಚಿತ್ರ ಬದಲಾಯಿತು. 1942ರಲ್ಲಿ ಹುಟ್ಟಿದ ಹೈದರಾಬಾದಿನ ಆಲ್ವಿನ್ ಕಂಪನಿ, ಜಪಾನಿನ ನಿಸಾನ್ ಜೊತೆ ಕೈಜೋಡಿಸಿ, ಬೀದರಕ್ಕೆ ಹತ್ತಿರದ ಜಹೀರಾಬಾದಿನಲ್ಲಿ ಲಘು ಲಾರಿಗಳನ್ನು ತಯಾರಿಸತೊಡಗಿತು. ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿಗಳೂ ಅದೇ ಕಾಲದವು. 1986ರಲ್ಲಿ ಟಾಟಾ 407 ಬಂತು. ಜಹೀರಾಬಾದಿನ ಕಾರ್ಖಾನೆ ಮುಂದೆ ಮಹೀಂದ್ರಾ ಪಾಲಾಯಿತು. 2005ರಲ್ಲಿ ಟಾಟಾ ಏಸ್ ಬಂದಾಗ, ಸಾಲ ಮಾಡಿ ಒಂದೇ ಗಾಡಿ ಕೊಂಡು ತಾನೇ ಓಡಿಸುವವನೂ ಸರಕು ಸಾಗಣೆದಾರನಾದ. ಗಾಡಿ ಅವನದು, ಕಂತೂ ಅವನದೇ. ಹೇರು ಮಾತ್ರ ವ್ಯಾಪಾರಿ ಹೇಳಿದಷ್ಟು.

ಈ ಬದಲಾವಣೆ ಬ್ಲೇಡಿನ ಮೇಲೆ ಹೇಗೆ ಬೀಳುತ್ತದೆಂಬುದನ್ನು ಸರಳ ಲೆಕ್ಕ ತೋರಿಸುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ಗಾಡಿಯಲ್ಲಿ 1,500 ಕಿಲೋ ಸರಕಿದೆ ಎನ್ನಿ. ಆ ತೂಕದ ಕೇಂದ್ರ ಹಿಂದಿನ ಆಕ್ಸಲ್‌ನಿಂದ 30 ಸೆಂಟಿಮೀಟರ್ ಮುಂದಿದ್ದರೆ ಮುಂದಿನ ಆಕ್ಸಲ್‌ಗೆ ಸೇರುವುದು 150 ಕಿಲೋ. 90 ಸೆಂಟಿಮೀಟರ್ ಮುಂದಿದ್ದರೆ 450 ಕಿಲೋ. ಸರಕು ಅದೇ, ಬಾಡಿಗೆಯೂ ಅದೇ. ಮುಂದಿನ ಬ್ಲೇಡಿಗೆ ಮಾತ್ರ ಸರಕಿನ ಭಾರ ಮೂರು ಪಟ್ಟು. ಸಿಮೆಂಟು ಚೀಲಗಳನ್ನು ಕ್ಯಾಬಿನ್ನಿಗೆ ಒತ್ತಿ ಪೇರಿಸಿದಾಗ, ಕಬ್ಬಿಣದ ಸರಳನ್ನು ಕ್ಯಾಬಿನ್ ಮೇಲಕ್ಕೆ ಚಾಚಿ ಕಟ್ಟಿದಾಗ ಆಗುವುದು ಇದೇ.

ಕಾರ್ಖಾನೆ ಕೊಡುವ ಉಕ್ಕೇ ಕಳಪೆ ಎಂಬುದು ಮೊದಲ ಆಕ್ಷೇಪ. ಹಾಗಿದ್ದರೆ ಮಿತಿಯೊಳಗೆ ಓಡುವ ಗಾಡಿಗಳೂ ಅಷ್ಟೇ ಬೇಗ ಕುಸಿಯಬೇಕಿತ್ತು. ಬ್ಲೇಡು ಸೇರಿಸಿದರೆ ಮುಗಿಯಿತಲ್ಲ ಎಂಬುದು ಎರಡನೆಯದು. ಸಮ ದಪ್ಪದ ಆರು ಬ್ಲೇಡಿನ ಕಟ್ಟಿಗೆ ಏಳನೆಯದನ್ನು ಸೇರಿಸಿದರೆ ಬಿಗಿತ ಸುಮಾರು ಆರನೇ ಒಂದು ಭಾಗ ಹೆಚ್ಚುತ್ತದೆ, ಎತ್ತರವೂ ಮರಳುತ್ತದೆ. ಆದರೆ ಆಕ್ಸಲ್, ಬೇರಿಂಗ್, ಟೈರು, ಬ್ರೇಕುಗಳು ಮೊದಲಿನವೇ. ಹಳೆಯ ಬ್ಲೇಡನ್ನು ಬಡಿದು ಕಮಾನು ತಂದರೂ, ಸರಿಯಾಗಿ ಕಾಯಿಸಿ ಎಣ್ಣೆಯಲ್ಲಿ ತಣಿಸಿ ಮತ್ತೆ ಹದಗೊಳಿಸದಿದ್ದರೆ ಅದು ಬೇಗನೆ ಕೂರುತ್ತದೆ. ಕಮಾನು ತರುವವನ ಕೈಚಳಕವನ್ನು ಕೀಳುಗಳೆಯುವ ಮಾತಲ್ಲ ಇದು. ಗಾಡಿಯನ್ನು ಮತ್ತೆ ದುಡಿಮೆಗೆ ಹಚ್ಚುವವನು ಅವನೇ. ಆದರೆ ಅವನ ಕೈಗೆ ಬರುವುದು ಬೇರೆಡೆ ಆದ ತೀರ್ಮಾನದ ಪರಿಣಾಮ.

ಎಲ್ಲವೂ ಚಾಲಕರ ದುರಾಸೆ ಎಂಬುದು ಮೂರನೆಯ ಆಕ್ಷೇಪ. ಕಾನೂನೂ ಬಹುಮಟ್ಟಿಗೆ ಹೊಣೆಯನ್ನು ಗಾಡಿಯ ಕಡೆಯವರ ಮೇಲೆಯೇ ಹಾಕುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮಿನ ಪ್ರಕಾರ, ಮಿತಿಮೀರಿದ ಗಾಡಿಯನ್ನು ಓಡಿಸಿದವನು ಮಾಲೀಕನಲ್ಲದಿದ್ದರೆ, ಅದು ಮಾಲೀಕನಿಗೆ ಗೊತ್ತಿದ್ದೇ ನಡೆದಿದೆಯೆಂದು ನ್ಯಾಯಾಲಯ ಭಾವಿಸಬಹುದು. ಸರಕಿನ ಒಡೆಯನ ಬಗ್ಗೆ ಅಲ್ಲಿ ಅಂಥ ಊಹೆ ಇಲ್ಲ. 2019ರ ತಿದ್ದುಪಡಿ ದಂಡವನ್ನು 20,000 ರೂಪಾಯಿಗೂ, ಪ್ರತಿ ಹೆಚ್ಚುವರಿ ಟನ್ನಿಗೆ 2,000ಕ್ಕೂ ಏರಿಸಿತು. ಆ ಹೊರೆ ಮೊದಲು ಬೀಳುವುದು ಕಂತು ಕಟ್ಟುವವನ ಮೇಲೆಯೇ. ಒಪ್ಪದಿದ್ದರೆ ಬಾಡಿಗೆ ಪಕ್ಕದ ಗಾಡಿಗೆ ಹೋಗುತ್ತದೆಂದು ತಿಳಿದವನ ಒಪ್ಪಿಗೆಯನ್ನು ದುರಾಸೆ ಎನ್ನುವುದು ಸುಲಭ, ಸರಿಯಲ್ಲ. ಬ್ಲೇಡು ಸೇರಿಸುವ ಮೊದಲು ಮುಂದಿನ ಆಕ್ಸಲ್ಲನ್ನು ಮಾತ್ರ ವೇಬ್ರಿಡ್ಜಿಗೆ ಹತ್ತಿಸಿ ನೋಡುವುದು, ಸರಕನ್ನು ಹಿಂದಕ್ಕೆ ಸರಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಹೇರು ಹೇಳಿದವನೂ ಖರ್ಚಿನಲ್ಲಿ ಪಾಲುದಾರನಾಗುವುದು ಅದಕ್ಕಿಂತ ಕಷ್ಟ. ಕುಸಿತಕ್ಕೆ ನಿಜವಾದ ರಿಪೇರಿ ಅಲ್ಲಿದೆ.